ಬೀದಿ ತುದಿಯ ಚೈನೀಸ್ ಹೋಟೆಲ್‌ನಲ್ಲಿ ಚೆನ್ನಾಗಿ ತಿಂದು ಬರುವುದು ಹೇಗೆ?

ನಮ್ಮ ಬೀದಿ ತುದಿಯ ಚೈನೀಸ್ ಹೋಟೆಲ್‌ನ ಮೆನು ಕಾರ್ಡಿನಲ್ಲಿ 142 ಐಟಂ ಇವೆ. ಒಂದು ಸಲ ಆರ್ಡರ್ ಬರುವುದು ತಡವಾದಾಗ ಕೂತು ಎಣಿಸಿದ್ದೆ. ಅಡುಗೆಮನೆಯಲ್ಲಿ ಒಲೆ ಎರಡು, ಮಾಸ್ಟರ್ ಒಬ್ಬರು, ತರಕಾರಿ ಹೆಚ್ಚಿಕೊಡುವ ಹುಡುಗ ಒಬ್ಬ. ಇಬ್ಬರೇ ಸೇರಿ 142 ಐಟಂ ಚೆನ್ನಾಗಿ ಮಾಡುವುದು ಆಗದ ಮಾತು. ಆದರೆ ಏಳೆಂಟು ಐಟಂ ಅವರ ಕೈಯಲ್ಲಿ ತುಂಬಾ ಚೆನ್ನಾಗಿ ಬರುತ್ತವೆ. ದಿನಾ ಮಾಡಿ ಮಾಡಿ ಕೈ ಪಳಗಿರುವ ಐಟಂಗಳು ಅವು. ಅವು ಯಾವುವು ಅಂತ ಪತ್ತೆ ಮಾಡಿ, ಅವನ್ನೇ ಹೇಳಿದರೆ, ಸಾಧಾರಣ ಹೋಟೆಲ್‌ನಲ್ಲೂ ಸಂತೋಷವಾಗಿ ಊಟ ಮಾಡಿ ಬರಬಹುದು.

ಹಾಸನದಲ್ಲಿ ಇಂಥ ಹೋಟೆಲ್‌ಗಳಿಗೆ ಬರವಿಲ್ಲ. ಬಿ.ಎಂ. ರಸ್ತೆಯಲ್ಲಿ ಇವೆ. ಸಾಲಗಾಮೆ ರಸ್ತೆಯಲ್ಲಿ ಇಂಜಿನಿಯರಿಂಗ್ ಕಾಲೇಜಿನ ಹುಡುಗರನ್ನು ನಂಬಿಕೊಂಡು ಇವೆ. ಬಡಾವಣೆಗಳ ಒಳಗೂ ಇವೆ. ಕೆಂಪು ಬೋರ್ಡು, ಡ್ರ್ಯಾಗನ್ ಚಿತ್ರ, ಆರೇಳು ಟೇಬಲ್, ಗೋಡೆಗೊಂದು ಫ್ಯಾನು. ಮಗಳ ಹುಟ್ಟುಹಬ್ಬಕ್ಕೆ, ಸಂಬಳ ಬಂದ ದಿನ, ಅಕ್ಕ ಭಾವ ಊರಿಂದ ಬಂದಾಗ ನಾವು ಹೋಗುವುದು ಅಲ್ಲಿಗೇ. ನಾಲ್ಕು ಜನ ಹೋದರೆ ಸಾವಿರ ರೂಪಾಯಿ ಹತ್ತಿರ ಖರ್ಚಾಗುತ್ತದೆ. ಆ ದುಡ್ಡು ದಂಡ ಆಗಬಾರದು ಅಲ್ವಾ? ಹದಿನೈದು ವರ್ಷ ಇಂಥ ಕಡೆ ತಿಂದು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು, ಇದು ಎಲ್ಲಿಯ ಚೈನೀಸ್ ಅಂತ ತಿಳಿದುಕೊಳ್ಳಿ

ನಮ್ಮಲ್ಲಿ ಸಿಗುವ ಚೈನೀಸ್ ಊಟ ಕೋಲ್ಕತ್ತಾ ದಾರಿಯಲ್ಲಿ ಬಂದದ್ದು. ಅಲ್ಲಿ ಬಹಳ ಹಿಂದೆಯೇ ನೆಲೆಸಿದ ಹಕ್ಕಾ ಚೀನೀ ಕುಟುಂಬಗಳು ಟಾಂಗ್ರಾ ಎಂಬ ಕಡೆ ಚರ್ಮ ಹದ ಮಾಡುವ ಕೆಲಸ ನಡೆಸುತ್ತಿದ್ದವು. ಆಮೇಲೆ ಹೋಟೆಲ್‌ಗಳನ್ನೂ ತೆರೆದವು. ಇಲ್ಲಿಯವರ ನಾಲಿಗೆಗೆ ಹಿಡಿಸಲಿ ಅಂತ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಜಾಸ್ತಿ ಹಾಕಿದರು. ಹಕ್ಕಾ ನೂಡಲ್ಸ್ ಅನ್ನುವ ಹೆಸರು ಆ ಜನರದ್ದೇ. ಕೋಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರ ಸುಮಾರಿಗೆ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಎನ್ನುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು ನಮ್ಮ ಗೋಬಿ ಮಂಚೂರಿ ಆಯಿತು.

ಶೆಜ್ವಾನ್ ಕಥೆಯೂ ಹೀಗೇ. ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಗೆ ನಾಲಿಗೆ ಜುಮ್ ಅನ್ನಿಸುವ ಒಂದು ಮೆಣಸು ಹಾಕುತ್ತಾರೆ. ನಮ್ಮ ಮಲೆನಾಡು, ಕರಾವಳಿ ಕಡೆಯ ಜುಮ್ಮನಕಾಯಿಯ ಬಳಗಕ್ಕೇ ಸೇರಿದ್ದು ಅದು. ಇಲ್ಲಿನ ಶೆಜ್ವಾನ್ ಚಟ್ನಿಯಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಒಣಮೆಣಸಿನಕಾಯಿ ಮತ್ತು ಬೆಳ್ಳುಳ್ಳಿ ಇರುತ್ತದೆ. ಹಾಗಂತ ಬೇಜಾರು ಮಾಡಿಕೊಳ್ಳಬೇಡಿ. ಇದೂ ಒಂದು ಅಡುಗೆ ಪದ್ಧತಿಯೇ. ಅಳೆಯುವುದಾದರೆ ಹೀಗೆ ಅಳೆಯಿರಿ: ಬಿಸಿ ಇದೆಯಾ? ಗರಿಗರಿ ಇದೆಯಾ? ಬೆಳ್ಳುಳ್ಳಿಯ ಹಸಿ ವಾಸನೆ ಹೋಗಿದೆಯಾ? ಎಣ್ಣೆ ಹಳೇದಾ, ಹೊಸದಾ?

ಹೊತ್ತು ನೋಡಿ ಹೋಗಿ

ಸಂಜೆ ಏಳರಿಂದ ಎಂಟೂಕಾಲು ಒಳ್ಳೆಯ ಹೊತ್ತು. ಒಲೆ ಚೆನ್ನಾಗಿ ಕಾದಿರುತ್ತದೆ. ತರಕಾರಿ ಆಗಷ್ಟೇ ಹೆಚ್ಚಿದ್ದಿರುತ್ತದೆ. ಒಂಬತ್ತರ ಹೊತ್ತಿಗೆ ಆರ್ಡರ್ ರಾಶಿ ಬೀಳುತ್ತದೆ, ಡೆಲಿವರಿ ಹುಡುಗರು ಬಾಗಿಲಲ್ಲೇ ನಿಂತಿರುತ್ತಾರೆ. ಆಗ ಮಾಸ್ಟರ್ ನಾಲ್ಕು ಪ್ಲೇಟಿನ ಅನ್ನವನ್ನು ಒಂದೇ ಬಾಣಲೆಗೆ ಸುರಿಯಬೇಕಾಗುತ್ತದೆ. ಬಾಣಲೆಯ ಕಾವು ಇಳಿದುಬಿಡುತ್ತದೆ. ಅನ್ನ ಹುರಿಯುವುದಿಲ್ಲ, ಹಬೆಯಲ್ಲಿ ಮೆತ್ತಗಾಗುತ್ತದೆ.

ಮಧ್ಯಾಹ್ನ ಮೂರೂವರೆಯಿಂದ ಐದೂವರೆವರೆಗೆ ಫ್ರೈಡ್ ರೈಸ್ ಹೇಳಬೇಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಫ್ರೈಡ್ ರೈಸ್‌ಗೆ ಆರಿದ ಅನ್ನವೇ ಬೇಕು, ಬಿಸಿ ಅನ್ನ ಹಾಕಿದರೆ ಮುದ್ದೆಯಾಗುತ್ತದೆ. ಒಳ್ಳೆಯ ಕಡೆ ಅನ್ನ ಮಾಡಿ, ಹರಡಿ ಆರಿಸಿ, ಫ್ರಿಜ್‌ನಲ್ಲಿ ಇಡುತ್ತಾರೆ. ಕೆಲವು ಕಡೆ ಬೆಳಗ್ಗೆ ಮಾಡಿದ ಅನ್ನ ಪಾತ್ರೆಯಲ್ಲೇ ಒಲೆ ಪಕ್ಕ ಕೂತಿರುತ್ತದೆ. ಹಾಗೆ ಗಂಟೆಗಟ್ಟಲೆ ಹೊರಗಿದ್ದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ವಾಂತಿ ತರಿಸುವ ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನ ಅಂಟಂಟಾಗಿದ್ದರೆ, ಸ್ವಲ್ಪ ಹುಳಿ ವಾಸನೆ ಬಂದರೆ ಪ್ಲೇಟು ಪಕ್ಕಕ್ಕಿಡಿ. ಆ ಹೊತ್ತಿನಲ್ಲಿ ಹಸಿವಾದರೆ ನೂಡಲ್ಸ್ ಹೇಳುವುದು ವಾಸಿ.

ಇನ್ನು ಹಾಸನಾಂಬೆ ದರ್ಶನದ ದಿನಗಳು. ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ ದೇವಿಯ ಬಾಗಿಲು ತೆಗೆದಾಗ ಊರು ತುಂಬಿ ತುಳುಕುತ್ತದೆ. ಆಗ ಈ ಹೋಟೆಲ್‌ಗಳಲ್ಲಿ ಕೂತು ತಿನ್ನುವ ಆಸೆ ಬಿಟ್ಟುಬಿಡಿ. ಪಾಪ, ಮಾಸ್ಟರ್ ಕೈಗೆ ಬಿಡುವೇ ಇರುವುದಿಲ್ಲ.

ಕೂರುವ ಮೊದಲು ಎರಡು ನಿಮಿಷ ನಿಂತು ನೋಡಿ

ಗಲ್ಲಾ ಹಿಂದಿನ ಗೋಡೆಯಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಅಥವಾ ನೋಂದಣಿ ಪತ್ರ ಇರಬೇಕು. ಅದರ ಸಂಖ್ಯೆ 14 ಅಂಕಿಯದು. 2022ರ ಜನವರಿಯಿಂದ ಬಿಲ್ ಮೇಲೂ ಅದನ್ನು ಹಾಕಬೇಕು ಅಂತ ನಿಯಮ ಇದೆ. ಆಮೇಲೆ ಬೇರೆ ಟೇಬಲ್‌ಗಳ ಕಡೆ ಒಮ್ಮೆ ಕಣ್ಣಾಡಿಸಿ. ಮೂರು ಟೇಬಲ್‌ನಲ್ಲಿ ಒಂದೇ ಐಟಂ ಕಂಡರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಒಲೆ ಕಾಣುವ ಹೋಟೆಲ್ ಆದರೆ ಇನ್ನೂ ಒಳ್ಳೆಯದು. ಕಳೆದ ಆಷಾಢದಲ್ಲಿ ಜಿಟಿಜಿಟಿ ಮಳೆಗೆ ಒಳಗೆ ನುಗ್ಗಿ ಪಾರ್ಸಲ್‌ಗೆ ಕಾಯುತ್ತಾ ನಿಂತಿದ್ದೆ. ಮಾಸ್ಟರ್ ಡಾರ್ಜಿಲಿಂಗ್ ಕಡೆಯವರು, ಈಗ ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಎಡಗೈಯಲ್ಲಿ ಬಾಣಲೆಯ ಹಿಡಿ, ಒದ್ದೆ ಬಟ್ಟೆ ಸುತ್ತಿಕೊಂಡು. ಬಲಗೈಯಲ್ಲಿ ಉದ್ದ ಹಿಡಿಯ ಸೌಟು. ಒಲೆ ಪಕ್ಕ ಏಳು ಸ್ಟೀಲ್ ಡಬ್ಬಿ ಸಾಲಾಗಿ: ಉಪ್ಪು, ಸಕ್ಕರೆ, ಮೆಣಸಿನ ಪುಡಿ, ಸೋಯಾ ಸಾಸ್, ವಿನೆಗರ್, ಕೆಂಪು ಚಟ್ನಿ, ನೀರಲ್ಲಿ ಕದಡಿದ ಕಾರ್ನ್‌ಫ್ಲೋರ್. ಅವರು ಡಬ್ಬಿಗಳ ಕಡೆ ನೋಡಲೇ ಇಲ್ಲ. ಸೌಟಿನ ತುದಿ ಒಂದಕ್ಕೆ ಮುಟ್ಟಿತು, ಇನ್ನೊಂದಕ್ಕೆ ಮುಟ್ಟಿತು, ಬಾಣಲೆಗೆ ಬಂತು. ಎಣ್ಣೆ ಹೊಗೆಯಾಡುವವರೆಗೆ ಕಾಯಿಸಿ, ಬೆಳ್ಳುಳ್ಳಿ ಹಾಕಿ ನಾಲ್ಕು ಎಣಿಸುವಷ್ಟರಲ್ಲಿ ಕೋಸು, ಕ್ಯಾರೆಟ್ ಸುರಿದರು. ಬಾಣಲೆ ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದಾಗ ನೂಡಲ್ಸ್ ಮೇಲೆದ್ದು ಮಗುಚಿ ಬಿತ್ತು, ಒಲೆಯ ಬೆಂಕಿ ಅಂಚು ದಾಟಿ ಒಳಗೆ ನುಗ್ಗಿತು. ಎರಡೂವರೆ ನಿಮಿಷದಲ್ಲಿ ಪ್ಲೇಟು ರೆಡಿ. ಆ ಜೋರು ಬೆಂಕಿಯಿಂದ ಬರುವ ಹೊಗೆಯ ಪರಿಮಳ ಇದೆಯಲ್ಲ, ಮನೆಯ ಗ್ಯಾಸ್ ಒಲೆಯಲ್ಲಿ ಅದು ಬರುವುದೇ ಇಲ್ಲ. ನಾವು ದುಡ್ಡು ಕೊಡುವುದು ಅದಕ್ಕೆ.

ಆದ್ದರಿಂದ ಬಾಣಲೆಯಲ್ಲಿ, ನೀವು ಹೇಳಿದ ಮೇಲೆ, ಜೋರು ಬೆಂಕಿಯಲ್ಲಿ ಮಾಡುವ ಐಟಂಗಳನ್ನೇ ಆರಿಸಿ. ಬೆಳಗ್ಗೆ ಮಾಡಿಟ್ಟು ಬಿಸಿ ಮಾಡಿಕೊಡುವ ಐಟಂಗಳನ್ನು ಬಿಡಿ.

ಸಪ್ಲೈಯರ್ ಹತ್ತಿರ ಸರಿಯಾದ ಪ್ರಶ್ನೆ ಕೇಳಿ

“ಏನು ಚೆನ್ನಾಗಿರುತ್ತೆ ಅಣ್ಣ?” ಅಂದರೆ “ಎಲ್ಲಾ ಚೆನ್ನಾಗಿರುತ್ತೆ ಸರ್” ಅನ್ನುತ್ತಾರೆ. ಬೇರೆ ಏನು ಹೇಳೋಕಾಗುತ್ತದೆ ಅವರಿಗೆ? ನಾನು ಈಗ ಹೀಗೆ ಕೇಳುತ್ತೇನೆ: “ಅಣ್ಣ, ಇವತ್ತು ಸಂಜೆಯಿಂದ ಯಾವುದು ಜಾಸ್ತಿ ಹೋಯ್ತು?”

ಆಗ ಅವರು ಒಂದು ಗಳಿಗೆ ಯೋಚಿಸುತ್ತಾರೆ. “ಎಗ್ ನೂಡಲ್ಸ್ ಹೋಯ್ತು ಸರ್. ಪೆಪ್ಪರ್ ಚಿಕನ್ ಹೋಯ್ತು. ಮಶ್ರೂಮ್ ಬೇಡ ಬಿಡಿ, ನಿನ್ನೇದಿದೆ.”

ಆ ಕೊನೆಯ ಮಾತು ಮೆನು ಕಾರ್ಡಿನಲ್ಲಿ ಸಿಗುತ್ತದಾ? ಮರ್ಯಾದೆಯಿಂದ ಕೇಳಿದರೆ ಬಹಳ ಜನ ನಿಜ ಹೇಳುತ್ತಾರೆ. ಎರಡನೇ ಸಲ ಹೋದಾಗ ಗುರುತು ಹಿಡಿದು ಅವರೇ ಹೇಳುತ್ತಾರೆ.

ಏನು ಹೇಳಬೇಕು, ಏನು ಬೇಡ

ಗೋಬಿಯಿಂದಲೇ ಶುರು ಮಾಡೋಣ. ಗೋಬಿ ಡ್ರೈ ಹೇಳಿ, ‘ಎರಡು ಸಲ ಕರೀರಿ, ಕಲರ್ ಹಾಕಬೇಡಿ’ ಅಂತ ಸೇರಿಸಿ. ಮೊದಲ ಸಲ ಹೂಕೋಸು ಬೇಯುತ್ತದೆ, ಎರಡನೇ ಸಲ ಹಿಟ್ಟು ಗರಿಯಾಗುತ್ತದೆ. ಒಂದೇ ಸಲ ಕರಿದದ್ದು ಸಾಸ್ ತಗಲಿದ ಕೂಡಲೇ ಮೆತ್ತಗಾಗುತ್ತದೆ. ತಟ್ಟೆ ಬಂದಾಗ ಒಂದು ತುಂಡು ಮುರಿದು ನೋಡಿ. ಹಿಟ್ಟಿನ ಪದರ ತೆಳ್ಳಗಿದ್ದು ಒಳಗೆ ಬಿಳಿ ಹೂಕೋಸು ಕಾಣಬೇಕು. ಹಿಟ್ಟೇ ಜಾಸ್ತಿ ಇದ್ದರೆ ಮುಂದಿನ ಸಲ ಅಲ್ಲಿ ಗೋಬಿ ಬೇಡ.

ಬಣ್ಣದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು ಪರೀಕ್ಷೆಗೆ ತೆಗೆದ 171 ಗೋಬಿ ಮಾದರಿಗಳಲ್ಲಿ ನೂರಕ್ಕೂ ಹೆಚ್ಚು ಸುರಕ್ಷಿತ ಅಲ್ಲ ಅಂತ ಬಂದಿತ್ತು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ನಂಥ ಬಣ್ಣಗಳು ಸಿಕ್ಕಿದ್ದವು. ತಪ್ಪಿದರೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದು ಸರ್ಕಾರ ಹೇಳಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗಳಿಗೂ ಈ ನಿಷೇಧ ಬಂತು. ಬಣ್ಣ ಹಾಕದ ಗೋಬಿ ಕಂದು ಬಣ್ಣಕ್ಕಿರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಸ್ವಲ್ಪ ಕೆಂಪು ತಿರುಗಿರುತ್ತದೆ, ಅಷ್ಟೇ. ಕಿತ್ತಳೆ ಕೆಂಪಿಗೆ ಹೊಳೆಯುತ್ತಿದ್ದರೆ, ಸೋಪು ಹಾಕಿ ತೊಳೆದರೂ ಬೆರಳ ಕೆಂಪು ಹೋಗದಿದ್ದರೆ ಅನುಮಾನ ಪಡಿ. ಮಕ್ಕಳಿಗಂತೂ ಕೊಡಬೇಡಿ.

ನೂಡಲ್ಸ್ ಸಾಧಾರಣ ಹೋಟೆಲ್‌ನ ನಂಬಿಕಸ್ಥ ಐಟಂ. ವೆಜ್ ಹಕ್ಕಾ ಅಥವಾ ಎಗ್ ನೂಡಲ್ಸ್ ಹೇಳಿ. ‘ಸಾಸ್ ಕಮ್ಮಿ, ತರಕಾರಿ ಜಾಸ್ತಿ, ಮೇಲೆ ಈರುಳ್ಳಿ ಸೊಪ್ಪು’ ಅನ್ನಿ. ನಾಲ್ಕು ಜನ ಇದ್ದರೆ ಎರಡು ಪ್ಲೇಟನ್ನು ಬೇರೆ ಬೇರೆಯಾಗಿ ಮಾಡಲು ಕೇಳಿಕೊಳ್ಳಿ. ಸ್ವಲ್ಪ ತಡವಾಗುತ್ತದೆ, ಆದರೆ ರುಚಿ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ನೀವೇ ನೋಡಿ.

ಸೂಪ್ ಬೈಟು ಹೇಳಿದರೆ ಸಾಕು. ಮಂಚೌ ಆದರೆ ಕರಿದ ನೂಡಲ್ಸ್ ಬೇರೆ ಬಟ್ಟಲಲ್ಲಿ ತರಿಸಿ. ಸ್ವೀಟ್ ಕಾರ್ನ್ ಸೂಪ್ ಬಹಳ ಕಡೆ ಕಾರ್ನ್‌ಫ್ಲೋರ್ ಗಂಜಿಯಂತೆ ಇರುತ್ತದೆ, ನಾನು ಹೇಳುವುದಿಲ್ಲ.

ಗ್ರೇವಿ ಐಟಂ ಒಂದೇ ಸಾಕು. ಚಿಲ್ಲಿ ಚಿಕನ್ ಗ್ರೇವಿ, ಗಾರ್ಲಿಕ್ ಚಿಕನ್ ಗ್ರೇವಿ, ಮಂಚೂರಿಯನ್ ಗ್ರೇವಿ ಅಂತ ಮೂರು ಹೇಳಿದರೂ ಇಂಥ ಕಡೆ ಮೂರಕ್ಕೂ ಬೀಳುವ ಸಾಸ್ ಹೆಚ್ಚುಕಮ್ಮಿ ಒಂದೇ. ಸೋಯಾ ಸಾಸ್, ಬೆಳ್ಳುಳ್ಳಿ, ಕಾರ್ನ್‌ಫ್ಲೋರ್. ದುಡ್ಡು ಮೂರು ಪಟ್ಟು.

ಚಿಲ್ಲಿ ಪೊಟಾಟೊ ಹೇಳುವುದಾದರೆ ಆಲೂಗಡ್ಡೆ ಇಲ್ಲೇ ಹೆಚ್ಚುತ್ತಾರಾ, ಪ್ಯಾಕೆಟ್ಟಿನ ಫ್ರೋಜನ್ ತುಂಡಾ ಅಂತ ಕೇಳಿ. ಆಲೂಗಡ್ಡೆ ಬೆಳೆಯುವ ಜಿಲ್ಲೆಯಲ್ಲಿ ಕೂತು ಪ್ಯಾಕೆಟ್ ಆಲೂಗಡ್ಡೆ ಯಾಕೆ ತಿನ್ನಬೇಕು?

ಸಿಗಡಿ ವಿಷಯ ನನಗೆ ಕಹಿ ಅನುಭವ. ಒಂದು ಜುಲೈನಲ್ಲಿ ಭಾವನಿಗೆ ಇಷ್ಟ ಅಂತ ಚಿಲ್ಲಿ ಪ್ರಾನ್ಸ್ ಹೇಳಿದೆ. ರಬ್ಬರಿನಂತೆ ಇತ್ತು, ಮೂಗಿಗೆ ಹತ್ತಿರ ತಂದರೆ ವಾಸನೆ. “ಭಾವ, ಬೇಡ ಬಿಡಿ” ಅಂದೆ. “ನೀವು ಪ್ರೀತಿಯಿಂದ ಹೇಳಿದ್ದೀರಿ” ಅಂತ ಮುಲಾಜಿಗೆ ತಿಂದರು. ರಾತ್ರಿ ಎರಡು ಸಲ ವಾಂತಿ ಮಾಡಿಕೊಂಡರು. ಅವತ್ತು ಅವರ ಮುಖ ನೋಡೋಕಾಗಲಿಲ್ಲ ನನಗೆ. ಆಮೇಲೆ ಯೋಚನೆ ಮಾಡಿದರೆ ಲೆಕ್ಕ ಸರಳ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಂಗಳೂರಿನಿಂದ ಹಾಸನಕ್ಕೆ ಮೀನು ಬರಬೇಕಾದದ್ದು ಶಿರಾಡಿ ಘಾಟಿ ಹತ್ತಿ. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗುವುದು ನಮಗೆಲ್ಲ ಗೊತ್ತು. ಹಾಗಿದ್ದ ಮೇಲೆ ಆ ತಿಂಗಳಲ್ಲಿ ದಿನಕ್ಕೆ ಒಂದು ಪ್ಲೇಟೂ ಹೋಗದ ಸಿಗಡಿ ಎಷ್ಟು ದಿನದಿಂದ ಫ್ರೀಜರ್‌ನಲ್ಲಿ ಕೂತಿರಬಹುದು? ಈಗ ನಾನು ಮೀನು, ಸಿಗಡಿ, ಏಡಿ ಇರುವ ಪುಟವನ್ನು ಪೂರ್ತಿ ದಾಟಿಬಿಡುತ್ತೇನೆ.

ಜೊತೆಗೆ ಅಮ್ಮ ಇದ್ದರೆ

ನಮ್ಮಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಇಂಥ ಹೋಟೆಲ್‌ಗಳಲ್ಲಿ ಚಿಕನ್, ಮೊಟ್ಟೆ, ತರಕಾರಿ ಎಲ್ಲಕ್ಕೂ ಒಂದೇ ಬಾಣಲೆ, ಕರಿಯಲು ಒಂದೇ ಎಣ್ಣೆ ಇರುವುದು ಮಾಮೂಲು. “ಮಾಸ್ಟರ್‌ಗೆ ಹೇಳಿ, ಬಾಣಲೆ ತೊಳೆದು, ಸೌಟು ಬೇರೆ ತಗೊಂಡು ಮಾಡಿಕೊಡಲಿ” ಅಂತ ಆರ್ಡರ್ ಕೊಡುವಾಗಲೇ ಹೇಳಿ. ಕರಿದ ಐಟಂ ಬೇಡ, ನೂಡಲ್ಸ್ ಸಾಕು. ಇಷ್ಟಕ್ಕೂ ಮನಸ್ಸು ಒಪ್ಪದವರನ್ನು ಬಲವಂತ ಮಾಡಬೇಡಿ, ಪೂರ್ತಿ ಸಸ್ಯಾಹಾರಿ ಹೋಟೆಲ್‌ಗೆ ಕರೆದುಕೊಂಡು ಹೋಗಿ.

ಅಜಿನೊಮೊಟೊ ಬಗ್ಗೆ ಅಮ್ಮನಿಗೆ ತುಂಬಾ ಭಯ ಇತ್ತು. ಹೋಟೆಲ್‌ನವರು ಟೇಸ್ಟಿಂಗ್ ಪೌಡರ್ ಅನ್ನುವುದು ಇದನ್ನೇ. ಅಜಿನೊಮೊಟೊ ಎಂಬುದು ಜಪಾನಿನ ಕಂಪನಿಯ ಹೆಸರು. 1908ರಲ್ಲಿ ಟೋಕಿಯೊದ ಕಿಕುನೆ ಇಕೆಡ ಎಂಬ ರಸಾಯನ ವಿಜ್ಞಾನಿ ಕೊಂಬು ಎಂಬ ಕಡಲ ಪಾಚಿಯ ಸಾರಿನ ರುಚಿಗೆ ಕಾರಣ ಹುಡುಕುತ್ತಾ ಇದನ್ನು ಕಂಡುಹಿಡಿದರು. ಈ ಪುಡಿಯಲ್ಲಿರುವ ಗ್ಲುಟಮೇಟ್ ಎಂಬ ಅಂಶ ಮಾಗಿದ ಟೊಮೆಟೊದಲ್ಲೂ ಇರುತ್ತದೆ. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪತ್ರದಿಂದ ಇದರ ಮೇಲಿನ ಭಯ ಹಬ್ಬಿತು. ಮಾಮೂಲು ಪ್ರಮಾಣದಲ್ಲಿ ತಿಂದರೆ ಹೆಚ್ಚಿನವರಿಗೆ ತೊಂದರೆ ಅಂತ ಆಮೇಲಿನ ಪರೀಕ್ಷೆಗಳು ಗಟ್ಟಿಯಾಗಿ ತೋರಿಸಲಿಲ್ಲ. ನಿಮಗೆ ತಿಂದಾಗ ತಲೆನೋವು ಬರುತ್ತದೆ ಅಂದರೆ ‘ಟೇಸ್ಟಿಂಗ್ ಪೌಡರ್ ಹಾಕಬೇಡಿ’ ಅಂತ ಹೇಳಿ, ಬಿಡುತ್ತಾರೆ. ವರ್ಷ ತುಂಬದ ಮಕ್ಕಳಿಗೆ ಇದು ಬೇಡವೇ ಬೇಡ.

ನಿಜವಾಗಿ ಯೋಚಿಸಬೇಕಾದದ್ದು ಉಪ್ಪಿನ ಬಗ್ಗೆ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 2000 ಮಿಲಿಗ್ರಾಂ ಒಳಗಿರಲಿ ಅಂತ. ಬಿಪಿ ಇರುವ ದೊಡ್ಡವರು ಜೊತೆಗಿದ್ದರೆ ‘ಸೋಯಾ ಅರ್ಧ ಹಾಕಿ, ಮೇಲೆ ಉಪ್ಪು ಬೇಡ’ ಅನ್ನಿ. ರುಚಿ ಸಾಲದಿದ್ದರೆ ಟೇಬಲ್ ಮೇಲಿನ ವಿನೆಗರ್‌ನಲ್ಲಿ ನೆನೆಸಿದ ಹಸಿಮೆಣಸಿನಕಾಯಿ ಇದೆಯಲ್ಲ, ಅದರ ನಾಲ್ಕು ಹನಿ ಸಾಕು. ಗೋಧಿ ಆಗದವರು ಗಮನಿಸಿ, ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಒಟ್ಟಿಗೆ ಎಲ್ಲಾ ಹೇಳಬೇಡಿ

ನಾಲ್ಕು ಜನಕ್ಕೆ ನನ್ನ ಲೆಕ್ಕ ಇದು. ಎರಡು ಸೂಪ್ ಬೈಟು, ಒಂದು ಗೋಬಿ ಡ್ರೈ ಅಥವಾ ಪೆಪ್ಪರ್ ಚಿಕನ್, ಎರಡು ನೂಡಲ್ಸ್, ಒಂದು ಫ್ರೈಡ್ ರೈಸ್, ಒಂದು ಗ್ರೇವಿ. ಮೊದಲು ಸೂಪ್ ಮತ್ತು ಡ್ರೈ ಐಟಂ ಮಾತ್ರ ಹೇಳಿ. ಡ್ರೈ ಬಂದ ತಕ್ಷಣ ತಿನ್ನಿ. ಫೋಟೋ ತೆಗೆಯುತ್ತಾ ಕೂತರೆ ಐದು ನಿಮಿಷದಲ್ಲಿ ಗರಿ ಹೋಗುತ್ತದೆ. ಅದು ಅರ್ಧ ಖಾಲಿಯಾದಾಗ ನೂಡಲ್ಸ್ ಹೇಳಿ. ಎಲ್ಲಾ ಒಟ್ಟಿಗೆ ಹೇಳಿದರೆ ಎಲ್ಲಾ ಒಟ್ಟಿಗೆ ಬರುತ್ತದೆ, ಕೊನೆಗೆ ತಿನ್ನುವುದೆಲ್ಲ ತಣ್ಣಗಿರುತ್ತದೆ.

ಏನಾದರೂ ಸರಿ ಇಲ್ಲದಿದ್ದರೆ ಎರಡನೇ ತುತ್ತಿಗೇ ಹೇಳಿ. ಪ್ಲೇಟು ಖಾಲಿ ಮಾಡಿ ಹೇಳಿದರೆ ಯಾರೂ ಕೇಳುವುದಿಲ್ಲ. “ಅಣ್ಣ, ಇದು ಒಳಗೆ ಬೆಂದಿಲ್ಲ, ಸ್ವಲ್ಪ ನೋಡಿ” ಅಂತ ಮೆಲ್ಲಗೆ ಹೇಳಿದರೆ ಹತ್ತರಲ್ಲಿ ಎಂಟು ಸಲ ಬದಲಾಯಿಸಿ ಕೊಟ್ಟಿದ್ದಾರೆ. ಹಳಸಿದ ಊಟ ಕೊಟ್ಟು ಜಗಳಕ್ಕೇ ನಿಂತರೆ ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800112100 ಇದೆ, ಗ್ರಾಹಕರ ಸಹಾಯವಾಣಿ 1915 ಇದೆ.

ಬಿಲ್ ಬಂದಾಗ ಜಿಎಸ್‌ಟಿ ಸಾಲು ನೋಡಿ. ಇಂಥ ಹೋಟೆಲ್‌ಗೆ ಶೇ 5. ಅದನ್ನು ಹಾಕಿದ್ದರೆ 29ರಿಂದ ಶುರುವಾಗುವ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಬಿಲ್ ಮೇಲೆ ಇರಬೇಕು. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದರೆ ಒಟ್ಟು ವ್ಯಾಪಾರದ ಮೇಲೆ ತಾವೇ ತೆರಿಗೆ ಕಟ್ಟುವ, ಸಣ್ಣ ಹೋಟೆಲ್‌ನವರು ಗ್ರಾಹಕರಿಂದ ಜಿಎಸ್‌ಟಿ ತೆಗೆದುಕೊಳ್ಳುವ ಹಾಗಿಲ್ಲ. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ. 2022ರ ಜುಲೈನಲ್ಲಿ ಗ್ರಾಹಕರ ರಕ್ಷಣಾ ಪ್ರಾಧಿಕಾರ ಹೇಳಿದ್ದನ್ನು 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದರ ಬದಲು ಸಪ್ಲೈಯರ್ ಕೈಗೆ ನೇರವಾಗಿ ಇಪ್ಪತ್ತೋ ಮೂವತ್ತೋ ಕೊಡಿ. ಮಶ್ರೂಮ್ ಬೇಡ ಅಂದವರು ಅವರೇ ತಾನೇ.

ಉಳಿದರೆ ಕಟ್ಟಿಸಿಕೊಳ್ಳಿ

ನಾವು ಮನೆಯಿಂದಲೇ ಎರಡು ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗುತ್ತೇವೆ. ಬಿಸಿ ಗ್ರೇವಿಯನ್ನು ತೆಳು ಪ್ಲಾಸ್ಟಿಕ್ ಕವರಿಗೆ ಹಾಕಿಸಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಗೋಬಿ ಪಾರ್ಸಲ್ ಹೇಳುವುದಾದರೆ ಸಾಸ್ ಬೇರೆ ಕಟ್ಟಿಸಿ, ಡಬ್ಬಿಯ ಮುಚ್ಚಳ ಸ್ವಲ್ಪ ಓರೆ ಇಟ್ಟುಕೊಂಡು ತನ್ನಿ. ಹಬೆ ಹೋಗದಿದ್ದರೆ ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ.

ಉಳಿದ ಫ್ರೈಡ್ ರೈಸ್ ಮನೆಗೆ ಬಂದ ಕೂಡಲೇ ಫ್ರಿಜ್‌ಗೆ ಇಡಿ, ಮರುದಿನ ಬೆಳಗ್ಗೆಯೇ ಮುಗಿಸಿ. ಬಿಸಿ ಮಾಡಲು ಮೈಕ್ರೋವೇವ್ ಬೇಡ. ದೋಸೆ ಹಂಚು ಚೆನ್ನಾಗಿ ಕಾಯಿಸಿ, ಅರ್ಧ ಚಮಚ ಎಣ್ಣೆ ಸವರಿ, ಅನ್ನ ತೆಳ್ಳಗೆ ಹರಡಿ. ಮುಟ್ಟದೆ ಎರಡು ನಿಮಿಷ ಬಿಡಿ. ಆಮೇಲೆ ಮಗುಚುವ ಕೈಯಲ್ಲಿ ತಿರುವಿ, ಎಲ್ಲಾ ಕಡೆ ಚೆನ್ನಾಗಿ ಬಿಸಿಯಾಗುವವರೆಗೆ ಇನ್ನೆರಡು ನಿಮಿಷ. ತಳದ ಅನ್ನ ಸ್ವಲ್ಪ ಗರಿಯಾಗಿ ಹಂಚಿಗೆ ಹಿಡಿದುಕೊಂಡಿರುತ್ತದೆ. ನಮ್ಮ ಮನೆಯಲ್ಲಿ ಆ ಕರಕಲು ಯಾರಿಗೆ ಅಂತ ಪ್ರತಿ ಸಲ ಅಕ್ಕನ ಮಗನಿಗೂ ನನ್ನ ಮಗಳಿಗೂ ಪೈಪೋಟಿ.